ಬಟನ್ ಒತ್ತಿದ ಮೇಲೆ ಏನಾಗುತ್ತದೆ?



ಭಾಷೆ ಕಲಿಸುವವನು ಕಂಪ್ಯೂಟರ್ ಬಗ್ಗೆ ಮಾತನಾಡಲು ಕಾರಣವಿದೆ. ಇಂಗ್ಲಿಷ್ ಚೆನ್ನಾಗಿ ಬಂದರೆ ಮಾತ್ರ ಪ್ರೋಗ್ರಾಮ್ ಬರೆಯಬಹುದೆಂದು ಉರ್ದು, ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಆಜ್ಞೆಗಳ ಪದಗಳು ಇಂಗ್ಲಿಷಿನವು, ನಿಜ. ಅವುಗಳ ಹಿಂದಿನ ತರ್ಕ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ಪೈಥಾನ್ ಭಾಷೆ ಉಚಿತವಾಗಿ ಸಿಗುತ್ತದೆ. ಅದರೊಂದಿಗೆ ಬರುವ ಟಿಕೆ-ಇಂಟರ್ ಎಂಬ ಸಲಕರಣೆಯಿಂದ ವಿಂಡೋ ಮತ್ತು ಬಟನ್ ಮಾಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಅಕ್ಷರಗಳೆಲ್ಲ ಯೂನಿಕೋಡ್. ಹಾಗಾಗಿ ಬಟನ್ ಮೇಲೆ 'ಫಲಿತಾಂಶ' ಎಂದೂ ಬರೆಯಬಹುದು, ಉರ್ದುವಿನಲ್ಲಿ 'ನತೀಜಾ' ಎಂದೂ ಬರೆಯಬಹುದು.

ಬಟನ್ ಒತ್ತಿದಾಗ ಯಾವ ಕೆಲಸ ಆಗಬೇಕೆಂಬುದನ್ನು 'ಕಮಾಂಡ್' ಎಂಬಲ್ಲಿ ತಿಳಿಸಬೇಕು. ಅಲ್ಲಿ ಕೆಲಸದ ಹೆಸರನ್ನಷ್ಟೇ ಕೊಡಿ. ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿದರೆ ಬಟನ್ ತಯಾರಾಗುವಾಗಲೇ ಆ ಕೆಲಸ ನಡೆದುಬಿಡುತ್ತದೆ. ಆಮೇಲೆ ಒತ್ತಿದರೆ ಏನೂ ಆಗುವುದಿಲ್ಲ. 'ಕರೆದಾಗ ಬಾ' ಎನ್ನುವುದಕ್ಕೂ 'ಈಗಲೇ ಬಾ' ಎನ್ನುವುದಕ್ಕೂ ಇರುವ ವ್ಯತ್ಯಾಸವಿದು.

ಇನ್ನು ವಿಂಡೋ ಹೆಪ್ಪುಗಟ್ಟಿದಂತೆ ನಿಲ್ಲುವುದೇಕೆ? ಶಿವಮೊಗ್ಗದ ಒಂದು ಶಾಲೆಗೆ ಒಬ್ಬನೇ ಜವಾನ ಎಂದುಕೊಳ್ಳಿ. ಗಂಟೆ ಹೊಡೆಯುವವನೂ ಅವನೇ, ನೋಟಿಸು ಒಯ್ಯುವವನೂ ಅವನೇ. ಮುಖ್ಯೋಪಾಧ್ಯಾಯರು ಅವನನ್ನು ಬಸ್ಸಿನಲ್ಲಿ ಭದ್ರಾವತಿಗೆ ಕಳುಹಿಸಿದರೆ ಹಿಂದಿರುಗುವತನಕ ಗಂಟೆ ಇಲ್ಲ, ನೋಟಿಸೂ ಇಲ್ಲ. 'ಮೇನ್‌ಲೂಪ್' ಎಂಬುದು ಈ ಜವಾನನೇ. ಬಟನ್ ಒತ್ತಿದ್ದನ್ನು ಗಮನಿಸುವುದೂ ವಿಂಡೋವನ್ನು ಮತ್ತೆ ಚಿತ್ರಿಸುವುದೂ ಅವನ ಕೆಲಸ. 600 ವಿದ್ಯಾರ್ಥಿಗಳ ಅಂಕಗಳನ್ನು ಒಂದೇ ಉಸಿರಿಗೆ ಲೆಕ್ಕಹಾಕಲು ಹೇಳಿದರೆ, 'ದಯವಿಟ್ಟು ಕಾಯಿರಿ' ಎಂದು ನೀವು ಬರೆದ ಸಾಲು ಕೂಡ ಲೆಕ್ಕ ಮುಗಿದ ಮೇಲೆಯೇ ಕಾಣುತ್ತದೆ. ವಿಂಡೋಸ್‌ನಲ್ಲಿ ಸುಮಾರು 5 ಸೆಕೆಂಡು ಉತ್ತರ ಬಾರದಿದ್ದರೆ 'ಸ್ಪಂದಿಸುತ್ತಿಲ್ಲ' ಎಂಬ ಸೂಚನೆಯೂ ಬರಬಹುದು.

ಮುಂದೆ ಕುಳಿತ ಗುಮಾಸ್ತರಿಗೆ ಇದೆಲ್ಲ ತಿಳಿಯದು. ಅವರು ಮತ್ತೆ ಮತ್ತೆ ಒತ್ತುತ್ತಾರೆ. ಒತ್ತಿದ್ದೆಲ್ಲ ಸರದಿಯಲ್ಲಿ ಕಾದಿದ್ದು, ಒಬ್ಬ ಹುಡುಗಿಯ ಅಂಕ ಎರಡು ಸಲ ದಾಖಲಾಗಬಹುದು. ಅಥವಾ ಬೇಸತ್ತು ವಿಂಡೋ ಮುಚ್ಚಿದರೆ ಉಳಿಸದ ಅಂಕಗಳೇ ಹೋಗುತ್ತವೆ. ಅದರ ಹೊಣೆ ಗುಮಾಸ್ತರದಲ್ಲ, ಪ್ರೋಗ್ರಾಮ್ ಬರೆದವರದು.

ಪರಿಹಾರ ಸರಳ. ಮೊದಲು ಬಟನ್ ನಿಷ್ಕ್ರಿಯಗೊಳಿಸಿ. 20 ಹೆಸರುಗಳ ಲೆಕ್ಕ ಮಾಡಿ, ಉಳಿದದ್ದನ್ನು 10 ಮಿಲಿಸೆಕೆಂಡಿನ ನಂತರ ಮುಂದುವರಿಸುವಂತೆ 'ಆಫ್ಟರ್' ಮೂಲಕ ತಿಳಿಸಿ. ಆ ಬಿಡುವಿನಲ್ಲಿ ವಿಂಡೋ ತನ್ನನ್ನು ತಾನು ಚಿತ್ರಿಸಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಬಟನನ್ನು ಮತ್ತೆ ಸಕ್ರಿಯಗೊಳಿಸಿ. ಕೆಲವರು ನಡುನಡುವೆ 'ಅಪ್‌ಡೇಟ್' ಎಂದು ಬರೆದು ಕೆಲಸ ಸಾಗಿಸುತ್ತಾರೆ. ಆದರೆ ಅದು ಹೊಸ ಒತ್ತುವಿಕೆಗಳನ್ನೂ ಒಳಗೆ ಬಿಡುತ್ತದೆ. ಬಟನ್ ಸಕ್ರಿಯವಾಗಿದ್ದರೆ ಮೊದಲ ಲೆಕ್ಕ ಮುಗಿಯುವ ಮುನ್ನವೇ ಎರಡನೆಯದು ಶುರುವಾದೀತು. ಪರದೆಯ ಬರಹವನ್ನಷ್ಟೇ ಹೊಸದಾಗಿ ತೋರಿಸಲು 'ಅಪ್‌ಡೇಟ್-ಐಡಲ್‌ಟಾಸ್ಕ್ಸ್' ಸಾಕು.

ವಿದ್ಯಾರ್ಥಿಗಳೇ, ಉತ್ತರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಗೆಲ್ಲಬಹುದು. ಆದರೆ ನಾಳೆ ನೀವು ಬರೆದ ಬಟನ್ನನ್ನು ಒತ್ತುವವರು ನಿಮ್ಮ ತಾಯಿಯಂತಹ, ನೆರೆಯವರಂತಹ ಸಾಮಾನ್ಯ ಜನ. ಅವರನ್ನು ಸುಮ್ಮನೆ ಕಾಯಿಸದೆ, 'ಕೆಲಸ ನಡೆಯುತ್ತಿದೆ' ಎಂದು ಹೇಳುವುದೂ ಒಂದು ಸೌಜನ್ಯ. ಈ ವಾರವೇ ಒಂದು ವಿಂಡೋ, ಒಂದು ಬಟನ್ ಮಾಡಿ ನೋಡಿ. ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತವಾದ ವಿದ್ಯೆಯನ್ನು ಕರುಣಿಸಲಿ. ವಸ್ಸಲಾಮ್.