ಬೇರಿನ ಮದ್ದು ಮತ್ತು ಕಗ್ಗದ ಬೀಜ

(ಅಂಕೋಲೆಯಲ್ಲಿ ಸೇರಿದ ಗಜನಿ ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಗದ್ದೆಗೆ ರೋಗ ಬಂದಿದೆಯೆಂದೊಡನೆ ನಮ್ಮ ದೃಷ್ಟಿ ಎಲೆಯತ್ತ ಹೊರಳುತ್ತದೆ. ಬೆಂಕಿರೋಗದ ಚುಕ್ಕೆ ಎಲೆಯ ಮೇಲೆಯೇ ಕಾಣುತ್ತದೆ. ಬೇರಿಗೆ ಹತ್ತಿದ ರೋಗ ಹಾಗಲ್ಲ. ಪೈರು ಬಾಡಿದ ಮೇಲೆಯೇ ಅದು ತಿಳಿಯುವುದು. ಮೇಲಿನಿಂದ ಸಿಂಪಡಿಸಿದ ಔಷಧಿಯೂ ಮಣ್ಣಿನೊಳಗಿನ ಶಿಲೀಂಧ್ರವನ್ನು ಸುಲಭವಾಗಿ ಮುಟ್ಟದು. ಹಾಗಿದ್ದೂ ಎಲ್ಲ ಬೇರುಗಳೂ ಕೊಳೆಯುವುದಿಲ್ಲ. ಏಕೆ?

ಉತ್ತರದ ಒಂದು ತುದಿ ನಮ್ಮ ಮನೆಯ ಬಚ್ಚಲಿನಲ್ಲೇ ಇದೆ. ಅಂಟುವಾಳ ಹಾಗೂ ಸೀಗೆಕಾಯಿಗಳಲ್ಲಿ ನೊರೆ ಬರಿಸುವ ವಸ್ತುವಿಗೆ ಸ್ಯಾಪೋನಿನ್ ಎನ್ನುತ್ತಾರೆ. ಕಾರೆಕಾಯಿಯನ್ನು ಜಜ್ಜಿ ಹಳ್ಳಕ್ಕೆ ಹಾಕಿ ಮೀನು ಹಿಡಿಯುತ್ತಿದ್ದುದೂ ಇದರ ಬಲದಿಂದಲೇ. ಈ ವಸ್ತು ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆ. ಮೀನಿನ ಕಿವಿರಿಗೆ ಮಾಡುವ ಹಾನಿಯನ್ನೇ ಅದು ಶಿಲೀಂಧ್ರಕ್ಕೂ ಮಾಡಬಲ್ಲದು.

ಓಟ್ಸ್ ನಮ್ಮ ಜಿಲ್ಲೆಯ ಬೆಳೆಯಲ್ಲ. ಆದರೂ ಅದರ ಕಥೆ ಕೇಳತಕ್ಕದ್ದು. ಗೋಧಿಯ ಬೇರನ್ನು ಕಪ್ಪಾಗಿಸಿ ಕೊಳೆಸುವ ‘ಟೇಕ್-ಆಲ್’ ಎಂಬ ರೋಗ ಶೀತ ದೇಶಗಳಲ್ಲಿ ಕುಪ್ರಸಿದ್ಧ. ಅದೇ ಶಿಲೀಂಧ್ರ ಓಟ್ಸ್ ಬೇರಿಗೆ ತಗುಲಿದರೆ ಸೋಲುತ್ತದೆ. ಓಟ್ಸ್ ತನ್ನ ಬೇರಿನ ಹೊರಪದರದಲ್ಲಿ ಅವೆನಾಸಿನ್ ಎಂಬ ಸ್ಯಾಪೋನಿನ್ ಕೂಡಿಟ್ಟಿರುತ್ತದೆ. ಅತಿನೇರಳೆ ಬೆಳಕಿನಲ್ಲಿ ಬೇರಿನ ತುದಿ ನೀಲಿಯಾಗಿ ಹೊಳೆಯುವುದು ಅದರಿಂದಲೇ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಆನ್ ಆಸ್ಬೋರ್ನ್ ಮತ್ತು ಸಂಗಡಿಗರು ಅವೆನಾಸಿನ್ ತಯಾರಿಸಲಾರದ ಓಟ್ಸ್ ಗಿಡಗಳನ್ನು ಹುಡುಕಿ ತೆಗೆದರು. ಆ ಗಿಡಗಳು ರೋಗಕ್ಕೆ ತುತ್ತಾದುದನ್ನು 1999ರಲ್ಲಿ ಪ್ರಕಟಿಸಿದರು. ಈ ಮದ್ದನ್ನು ತಯಾರಿಸುವ 12 ವಂಶವಾಹಿಗಳು ಒಂದರ ಪಕ್ಕ ಒಂದು ಕುಳಿತಿವೆ ಎಂಬುದು 2021ರಲ್ಲಿ ಪೂರ್ಣವಾಗಿ ತಿಳಿಯಿತು. ಮದ್ದಿನ ಪೆಟ್ಟಿಗೆಯನ್ನು ತಾಯಿ ಬೀಜ ಮಗುವಿನ ಕೈಗೆ ಇಡಿಯಾಗಿ ಕೊಡುತ್ತದೆ ಎಂದೇ ಹೇಳಬಹುದು.

ಶತ್ರುವೂ ಸುಮ್ಮನೆ ಕುಳಿತಿಲ್ಲ. ಅದೇ ಶಿಲೀಂಧ್ರದ ಒಂದು ಬಗೆ ಅವೆನಾಸಿನ್ ಅನ್ನು ಕತ್ತರಿಸಿ ನಿರ್ವಿಷಗೊಳಿಸುವ ಕಿಣ್ವವನ್ನು ಪಡೆದಿದೆ. ಆ ಕಿಣ್ವವನ್ನು ಕಿತ್ತುಕೊಂಡರೆ ಗೋಧಿಯನ್ನು ಕೊಲ್ಲುವ ಶಕ್ತಿ ಅದಕ್ಕೆ ಉಳಿಯುತ್ತದೆ, ಓಟ್ಸ್ ಮಾತ್ರ ದಕ್ಕುವುದಿಲ್ಲವೆಂದು 1995ರಲ್ಲಿಯೇ ಸಿದ್ಧವಾಯಿತು. ಬೀಜವನ್ನು ಶೀತಲ ಕೋಣೆಯಲ್ಲಿ ಕಾಪಿಟ್ಟರೆ ಸಾಕೆನ್ನುವವರು ಇದನ್ನು ಗಮನಿಸಬೇಕು. ಅಲ್ಲಿ ಬೀಜ ನಿದ್ರಿಸುತ್ತದೆ, ಗದ್ದೆಯಲ್ಲಿ ರೋಗ ಎಚ್ಚರವಾಗಿರುತ್ತದೆ.

ಈಗ ನಮ್ಮ ಭತ್ತಕ್ಕೆ ಬರೋಣ. 1973ರಲ್ಲಿ ಜಪಾನಿನ ವಿಜ್ಞಾನಿಗಳು ಭತ್ತದ ಹೊಟ್ಟಿನಿಂದ ಮೊಮಿಲ್ಯಾಕ್ಟೋನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅವರ ಭಾಷೆಯಲ್ಲಿ ‘ಮೊಮಿ’ ಎಂದರೆ ಹೊಟ್ಟು ಕಳಚದ ಭತ್ತ. ಅದು ಬೆಂಕಿರೋಗದ ಶಿಲೀಂಧ್ರವನ್ನು ತಡೆಯುತ್ತದೆ. ಬೇರಿನಿಂದ ಹೊರಸೂಸಿ ಪಕ್ಕದ ಕಳೆಯನ್ನೂ ಕುಗ್ಗಿಸುತ್ತದೆ. ವಿಚಿತ್ರವೆಂದರೆ, ಬುಡಕೊಳೆ ರೋಗದ ಶಿಲೀಂಧ್ರವು ಸಸಿಯನ್ನು ಬಿಳಿಚಿಸಿ ಎತ್ತರಕ್ಕೆ ಎಳೆಯಲು ಬಳಸುವ ಗಿಬ್ಬರೆಲಿನ್ ಸಹ ರಸಾಯನಶಾಸ್ತ್ರದ ಲೆಕ್ಕದಲ್ಲಿ ಮೊಮಿಲ್ಯಾಕ್ಟೋನಿನ ದಾಯಾದಿ. ಒಂದೇ ಮೂಲದ್ರವ್ಯದಿಂದ ಒಬ್ಬ ಆಯುಧ ಮಾಡುತ್ತಾನೆ, ಇನ್ನೊಬ್ಬ ಗುರಾಣಿ.

ಕಗ್ಗದ ಬೇರಿನಲ್ಲಿ ಇಂಥದೇ ಮಹಾಮದ್ದಿದೆಯೆಂದು ಘೋಷಿಸಲು ನಾನು ಬಂದಿಲ್ಲ. ಸಾಂಪ್ರದಾಯಿಕ ತಳಿಗಳಿಗೆ ಇಲ್ಲದ ಗುಣಗಳನ್ನು ಹಚ್ಚಿ ಮಾತನಾಡುವುದು ಅವುಗಳಿಗೆ ಉಪಕಾರವಲ್ಲ. ಆದರೆ ಕಗ್ಗ ಉಪ್ಪನ್ನು ತಡೆಯುತ್ತದೆ, ನೆರೆಯಲ್ಲಿ ನಿಲ್ಲುತ್ತದೆ, ಗೊಬ್ಬರ ಕೇಳುವುದಿಲ್ಲ. ಇಷ್ಟು ನೀವೇ ಕಂಡ ಸತ್ಯ. ಇಂಥ ನೆಲದಲ್ಲಿ ತಲೆಮಾರುಗಳಿಂದ ಬಾಳಿದ ಬೇರನ್ನು ಪರೀಕ್ಷೆಗೆ ಒಡ್ಡುವುದು ನ್ಯಾಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮುಂದೆ ಈ ಬೇಡಿಕೆಯನ್ನು ನಾವು ಲಿಖಿತವಾಗಿ ಇಡಬೇಕು. ಕಗ್ಗದ ಜೊತೆಗೆ ಗಜನಿಯ ಮಣ್ಣನ್ನೂ ಕೊಂಡೊಯ್ಯಿರೆಂದು ಹೇಳಬೇಕು.

ಪರೀಕ್ಷೆಗೆ ಬೇರು ಬೇಕಾದರೆ ಮೊದಲು ಗದ್ದೆ ಉಳಿಯಬೇಕು. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಉಪ್ಪುನೀರು ಮತ್ತು ಸಿಗಡಿ ಎಂಬ ಹಳೆಯ ಒಪ್ಪಂದವನ್ನು ಮುರಿದು, ವರ್ಷವಿಡೀ ಸಿಗಡಿಗೇ ಬಿಟ್ಟುಕೊಟ್ಟ ಗಜನಿಗಳು ಕರಾವಳಿಯಲ್ಲಿ ಕಡಮೆಯಿಲ್ಲ. ತೀರದ ಸಿಗಡಿ ಕೃಷಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕಠಿಣ ತೀರ್ಪನ್ನೇ ಕೊಟ್ಟಿತು. ಆದರೆ ಕಟ್ಟು ಒಡೆದ, ಜಂತ್ರಡಿ ಬಾಗಿಲು ಕೊಳೆತ ಗದ್ದೆಗೆ ತೀರ್ಪಿನಿಂದ ಭತ್ತ ಮರಳಿ ಬರುವುದಿಲ್ಲ.

ಬುಡಕೊಳೆಯ ಕುರಿತು ಕಾರವಾರದ ಕಡೆಯ ಕೆಲವರು ಕೇಳಿದ್ದಾರೆ. ಆ ರೋಗ ಬೀಜದೊಂದಿಗೇ ಬರುವುದು. ಔಷಧಿಯ ಅಂಗಡಿಗೆ ಓಡುವ ಮೊದಲು ಉಪ್ಪುನೀರಿನಲ್ಲಿ ಬೀಜ ಆರಿಸಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಊರಿನವರಿಗೆ ಉಪ್ಪಿನ ಮಹಿಮೆಯನ್ನು ನಾನು ಹೇಳಬೇಕಾಗಿಲ್ಲ. ಹಸಿ ಕೋಳಿಮೊಟ್ಟೆ ತೇಲಿ, ಅದರ ಮೇಲ್ಭಾಗ ನಾಣ್ಯದಷ್ಟು ಕಾಣುವವರೆಗೆ ಉಪ್ಪು ಕರಗಿಸಿ, ಅದರಲ್ಲಿ ಭತ್ತ ಸುರಿಯಿರಿ. ತೇಲಿದ ಜೊಳ್ಳನ್ನೂ ಹಗುರ ಕಾಳನ್ನೂ ಬಿತ್ತನೆಗೆ ಬಳಸಬೇಡಿ. ರೋಗದ ಕಾಳುಗಳಲ್ಲಿ ಹೆಚ್ಚಿನವು ಅದರೊಂದಿಗೆ ಹೋಗುತ್ತವೆ. ಮುಳುಗಿದ ಬೀಜವನ್ನು ತಡಮಾಡದೆ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಇಲ್ಲವಾದರೆ ಮೊಳಕೆ ಕುಂದುತ್ತದೆ. ಆಮೇಲೆ ಅಗೆಯಲ್ಲಿ ಬಿಳಿಚಿ ಎತ್ತರ ಬೆಳೆದ ಸಸಿ ಕಂಡರೆ ಬೇರುಸಹಿತ ಕಿತ್ತು ಸುಡಿರಿ. ಗಜನಿಯಂಚಿನ ಬಾವಿಗಳು ಮೇ ತಿಂಗಳಲ್ಲಿ ಉಪ್ಪಾಗುವುದುಂಟು. ತೊಳೆಯುವ ಮೊದಲು ನೀರಿನ ರುಚಿ ನೋಡಿಕೊಳ್ಳಿ.