ಒಳಗಿನದು ಒಳಗೇ ಇರಲಿ

ಆಬ್ಜೆಕ್ಟ್ ಎಂದರೆ ಒಂದಿಷ್ಟು ಮಾಹಿತಿ ಮತ್ತು ಆ ಮಾಹಿತಿಯನ್ನು ಮುಟ್ಟುವ ಹಕ್ಕುಳ್ಳ ಕಾರ್ಯಗಳು, ಅಂದರೆ ಮೆಥಡ್‌ಗಳು, ಒಟ್ಟಿಗೆ ಇರುವ ಘಟಕ. ಅದರ ನಕ್ಷೆಯೇ ಕ್ಲಾಸ್. ಒಂದು ಕ್ಲಾಸ್‌ನಿಂದ ಬೇಕಾದಷ್ಟು ಆಬ್ಜೆಕ್ಟ್‌ಗಳನ್ನು ಸೃಷ್ಟಿಸಬಹುದು. ಇಂದು ಉದ್ಘಾಟನೆಯಾಗುತ್ತಿರುವ ವಿದ್ಯಾರ್ಥಿಗಳ ಈ ತಂತ್ರಾಂಶ ಪ್ರದರ್ಶನದಲ್ಲಿ ಮಾತಾಡಬೇಕಾದದ್ದು ಇವುಗಳ ಬಗ್ಗೆಯೇ. ವಿಷಯ ದೊಡ್ಡದು, ಸಮಯ ಚಿಕ್ಕದು.

ಆಬ್ಜೆಕ್ಟ್‌ಗಳಿಂದ ಪ್ರೋಗ್ರಾಂ ಕಟ್ಟುವ ಈ ವಿಧಾನ ಹುಟ್ಟಿದ್ದು ನಾರ್ವೆಯಲ್ಲಿ. ಸರತಿಯಲ್ಲಿ ಕಾಯುವ ಗ್ರಾಹಕರು, ಅವರ ಕೆಲಸ ಮುಗಿಸಿಕೊಡುವ ಕೌಂಟರುಗಳು—ಇಂಥ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಲು ಓಸ್ಲೋದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಒಂದು ಭಾಷೆ ಕಟ್ಟಿದರು. ಅದು ಬೆಳೆದು ಸಿಮ್ಯುಲಾ 67 ಆದಾಗ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಮೂರೂ ಅದರಲ್ಲಿದ್ದವು. 2001ರ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಬಂತು.

ಈ ವಿಧಾನದ ತತ್ತ್ವಗಳಲ್ಲಿ ಮೊದಲನೆಯದು ಎನ್‌ಕ್ಯಾಪ್ಸುಲೇಶನ್, ಅಂದರೆ ಒಳಗಿನ ಮಾಹಿತಿಯನ್ನು ಹೊರಗಿನವರು ಮುಟ್ಟದಂತೆ ಕಾಯುವುದು. ಬಸ್ ಸೀಟು ಕಾಯ್ದಿರಿಸುವ ಪ್ರೋಗ್ರಾಂನಲ್ಲಿ ಪ್ರತಿ ಟ್ರಿಪ್ ಒಂದು ಆಬ್ಜೆಕ್ಟ್ ಎನ್ನೋಣ. ಸೀಟುಗಳ ಪಟ್ಟಿ ಎಲ್ಲರಿಗೂ ತೆರೆದಿದ್ದರೆ, ಯಾವುದೋ ಮೂಲೆಯ ಕೋಡ್ ಒಂದೇ ಸೀಟಿಗೆ ಇಬ್ಬರ ಹೆಸರು ಬರೆಯಬಹುದು. ತಪ್ಪು ಎಲ್ಲಿ ನಡೆಯಿತೆಂದು ಹುಡುಕಲು ಇಡೀ ಪ್ರೋಗ್ರಾಂ ಜಾಲಾಡಬೇಕು. ಪಟ್ಟಿಯನ್ನು ಪ್ರೈವೇಟ್ ಮಾಡಿ, ಅಂದರೆ ಹೊರಗಿನ ಕೋಡ್‌ಗೆ ಮುಚ್ಚಿ, 'ಸೀಟು ಕಾಯ್ದಿರಿಸು' ಎಂಬ ಒಂದೇ ಮೆಥಡ್ ಕೊಟ್ಟರೆ, ಖಾಲಿ ಇದೆಯೇ ಎಂಬ ತಪಾಸಣೆ ಅಲ್ಲೇ ನಡೆಯುತ್ತದೆ. ಆದರೆ ಪಾಠದಲ್ಲಿ ಹೇಳಿದ್ದಾರೆಂದು ಪ್ರೈವೇಟ್ ಎಂದು ಬರೆದು, ಮರುಸಾಲಿನಲ್ಲೇ ಪ್ರತಿಯೊಂದಕ್ಕೂ ಹೊರಗಿನವರು ಓದಲು ಗೆಟ್ಟರ್, ಬದಲಿಸಲು ಸೆಟ್ಟರ್ ಅಂಟಿಸುವ ರೂಢಿ ಬೇರೂರಿಬಿಟ್ಟಿದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ ಅದು. ಪ್ರದರ್ಶನಕ್ಕೆ ಬಂದವರು ಮಳಿಗೆಗಳಲ್ಲಿ ಪರದೆಯ ಅಂದಕ್ಕಿಂತ ಮೊದಲು ಆ ಕೀಲಿ ಎಲ್ಲಿದೆ ಎಂಬುದನ್ನು ವಿಚಾರಿಸುವುದು ಒಳ್ಳೆಯದು.

ಅಬ್‌ಸ್ಟ್ರಾಕ್ಷನ್ ಎನ್‌ಕ್ಯಾಪ್ಸುಲೇಶನ್‌ನ ಜೊತೆಗಾರ: ಬಳಸುವವರಿಗೆ ಕಾಣಬೇಕಾದದ್ದು ಏನಾಗುತ್ತದೆ ಎಂಬುದಷ್ಟೇ, ಹೇಗೆ ಎಂಬುದಲ್ಲ. ಪಾಲಿಮಾರ್ಫಿಸಂ ಎಂದರೆ ಒಂದೇ ಕರೆಗೆ ಬೇರೆಬೇರೆ ಆಬ್ಜೆಕ್ಟ್‌ಗಳು ತಮ್ಮತಮ್ಮ ರೀತಿಯಲ್ಲಿ ಓಗೊಡುವುದು. 'ದರ ಲೆಕ್ಕಹಾಕು' ಎಂದರೆ ಸಾಮಾನ್ಯ ಬಸ್ಸಿನದು ಒಂದು ಲೆಕ್ಕ, ಸ್ಲೀಪರ್‌ನದು ಇನ್ನೊಂದು. ಕರೆದ ಕೋಡ್‌ಗೆ ಆ ಭೇದ ಗೊತ್ತಿರಬೇಕಾಗಿಲ್ಲ. ನಾಳೆ ಹೊಸ ಬಗೆಯ ಬಸ್ ಬಂದರೂ ಆ ಕೋಡ್ ಅನ್ನು ತಿದ್ದಬೇಕಿಲ್ಲ.

ಉಳಿದದ್ದು ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟಿಸುವುದು. ಅತಿ ಹೆಚ್ಚು ದುರ್ಬಳಕೆಯಾಗುವುದೂ ಇದೇ. ಪೇರೆಂಟ್ ಕ್ಲಾಸ್‌ನ ಗುಣಗಳೆಲ್ಲ ಚೈಲ್ಡ್ ಕ್ಲಾಸ್‌ಗೆ ಪುಕ್ಕಟೆ ಸಿಗುತ್ತವೆ, ಬೇಡವಾದವೂ ಸಿಗುತ್ತವೆ. ಪೇರೆಂಟ್ ಇರಬೇಕಾದ ಕಡೆಯಲ್ಲೆಲ್ಲ ಚೈಲ್ಡ್ ನಿಂತರೂ ಪ್ರೋಗ್ರಾಂ ಕೆಡಬಾರದು ಎಂಬ ನಿಯಮಕ್ಕೆ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಅವರ ಹೆಸರಿದೆ. 1987ರ ಒಂದು ಭಾಷಣದಲ್ಲಿ ಅವರು ಈ ವಿಚಾರ ಮಂಡಿಸಿದ್ದರು. ಜಾವಾದಂಥ ಭಾಷೆಯೇ ಇಲ್ಲಿ ಎಡವಿದೆ. ಒಂದರ ಮೇಲೊಂದು ಪೇರಿಸಿಡುವ ಸ್ಟ್ಯಾಕ್‌ನಲ್ಲಿ ಇಡುವುದೂ ತೆಗೆಯುವುದೂ ಮೇಲಿನಿಂದ ಮಾತ್ರ. ಆದರೆ ಜಾವಾದ ಸ್ಟ್ಯಾಕ್ ಕ್ಲಾಸ್ ವೆಕ್ಟರ್ ಎಂಬ ಪಟ್ಟಿಯ ಕ್ಲಾಸ್‌ನ ಚೈಲ್ಡ್ ಆದ್ದರಿಂದ, ನಡುವೆ ಎಲ್ಲಿ ಬೇಕಾದರೂ ತುರುಕಬಹುದು, ಎಲ್ಲಿಂದ ಬೇಕಾದರೂ ಕೀಳಬಹುದು. ಸ್ಟ್ಯಾಕ್‌ ತನ್ನ ಒಡಲಲ್ಲಿ ಒಂದು ಪಟ್ಟಿಯನ್ನು ಪ್ರೈವೇಟ್ ಆಗಿ ಇಟ್ಟುಕೊಂಡು ಎರಡೇ ಕೆಲಸಗಳನ್ನು ಹೊರಗೆ ತೋರಿಸಿದ್ದರೆ ಸಾಕಿತ್ತು; ಕಾಂಪೊಸಿಷನ್ ಎನ್ನುವುದು ಇದನ್ನೇ. ಈಗ ಜಾವಾದ ಕೈಪಿಡಿಯೇ ಸ್ಟ್ಯಾಕ್ ಬದಲು ಡೆಕ್ ಎಂಬ ಇನ್ನೊಂದು ರಚನೆಯನ್ನು ಬಳಸುವಂತೆ ಸೂಚಿಸುತ್ತದೆ. ಹಳೆಯ ಕ್ಲಾಸ್ ಮಾತ್ರ ಇದ್ದಲ್ಲೇ ಇದೆ. ಅದನ್ನು ನೆಚ್ಚಿಕೊಂಡ ಪ್ರೋಗ್ರಾಂಗಳಿರುವಾಗ ಕಿತ್ತುಹಾಕುವುದು ಸುಲಭವಲ್ಲ.