ತಾಯಿಯ ಮೈ, ಮಗುವಿನ ಪ್ಲೇಟ್‌ಲೆಟ್

ಪ್ಲೇಟ್‌ಲೆಟ್ ಎಂದ ಕೂಡಲೇ ನಮಗೆಲ್ಲ ಡೆಂಗಿ ನೆನಪಾಗುತ್ತದೆ. ಇವತ್ತಿನ ವಿಷಯದಲ್ಲಿ ಸೊಳ್ಳೆಯೂ ಇಲ್ಲ, ಜ್ವರವೂ ಇಲ್ಲ. ಬಸುರಿ ಆರೋಗ್ಯವಾಗಿದ್ದಾಳೆ, ಅವಳ ರಕ್ತದ ವರದಿ ಸರಿಯಾಗಿದೆ, ಹೆರಿಗೆಯೂ ಸಲೀಸಾಯಿತು. ಆದರೆ ಕೆಲವೇ ಗಂಟೆಗಳಲ್ಲಿ ಕೂಸಿನ ಮೈಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಏಳುತ್ತವೆ. ಬೆರಳಿಂದ ಒತ್ತಿದರೂ ಮರೆಯಾಗುವುದಿಲ್ಲ. ಎಣಿಸಿ ನೋಡಿದರೆ, ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಪ್ಲೇಟ್‌ಲೆಟ್ 20 ಸಾವಿರಕ್ಕೆ ಇಳಿದಿರುತ್ತದೆ.

ಕಾರಣ ತೀರಾ ಸಣ್ಣದು. ಪ್ಲೇಟ್‌ಲೆಟ್‌ನ ಹೊರಮೈಯಲ್ಲಿರುವ ಒಂದು ಪ್ರೋಟೀನಿನ 33ನೇ ಜಾಗದಲ್ಲಿ ಕೆಲವರಿಗೆ ಲ್ಯೂಸಿನ್, ಕೆಲವರಿಗೆ ಪ್ರೋಲಿನ್. ಲ್ಯೂಸಿನ್ ಇರುವ ಗುರುತಿಗೆ ಎಚ್‌ಪಿಎ-1ಎ ಎಂದು ಹೆಸರು. ಅದು ತಾಯಿಗಿಲ್ಲದೆ, ತಂದೆಯಿಂದ ಮಗುವಿಗೆ ಬಂದಿದ್ದರೆ, ತಾಯಿಯ ಮೈ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯ ತಯಾರಿಸಬಹುದು. ಹುಟ್ಟುವ ಮಗುವಿಗೆ ರಕ್ಷಣೆಯಾಗಲೆಂದು ತಾಯಿಯ ಪ್ರತಿಕಾಯಗಳನ್ನು ದಾಟಿಸುವ ಮಾಸು ಇವನ್ನೂ ಒಳಗೆ ಬಿಡುತ್ತದೆ; ಇವು ಮಗುವಿನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತವೆ.

ತಾಯಿ-ಮಗುವಿನ ರಕ್ತದ ಗುಂಪು ಹೊಂದದಾಗ ಬರುವ ಆರ್‌ಎಚ್ ತೊಂದರೆ ಸಾಮಾನ್ಯವಾಗಿ ಚೊಚ್ಚಲ ಮಗುವನ್ನು ಬಿಟ್ಟುಬಿಡುತ್ತದೆ. ಈ ಪ್ಲೇಟ್‌ಲೆಟ್ ತೊಂದರೆ ಚೊಚ್ಚಲ ಮಗುವನ್ನೂ ಕಾಡಬಹುದು. ಆರ್‌ಎಚ್‌ಗೆ ಇರುವಂಥ ತಡೆ ಇಂಜೆಕ್ಷನ್ ಇದಕ್ಕೆ ಇನ್ನೂ ಬಳಕೆಗೆ ಬಂದಿಲ್ಲ.

ನಾರ್ವೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಸುರಿಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸುಮಾರು 2% ಹೆಂಗಸರಲ್ಲಿ ಎಚ್‌ಪಿಎ-1ಎ ಗುರುತಿರಲಿಲ್ಲ; ಅವರಲ್ಲೂ ಪ್ರತಿಕಾಯ ಕಂಡದ್ದು ಹತ್ತರಲ್ಲಿ ಒಬ್ಬರಲ್ಲಿ. ಹೀಗೆ ಪ್ರತಿಕಾಯ ತಯಾರಿಸುವವರು ಹೆಚ್ಚಾಗಿ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಒಂದು ನಿರ್ದಿಷ್ಟ ಎಚ್‌ಎಲ್‌ಎ ಜೀನ್ ಉಳ್ಳವರು. ಜಪಾನ್, ಚೀನಾಗಳಲ್ಲಿ ಎಚ್‌ಪಿಎ-1ಎ ಇಲ್ಲದವರು ತೀರಾ ವಿರಳ. ಅಲ್ಲಿ ತಕರಾರು ಬೇರೆ ಗುರುತುಗಳದ್ದು.

ಚುಕ್ಕೆಗಳಷ್ಟೇ ಆಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಭಯವಿರುವುದು ಮಿದುಳಿನ ರಕ್ತಸ್ರಾವದ್ದು; ಅದು ಗರ್ಭದಲ್ಲೇ ಆಗಿಬಿಡಬಹುದು. ಹುಟ್ಟಿದ ಕೂಸಿಗೆ ಪ್ಲೇಟ್‌ಲೆಟ್ ಕೊಡುತ್ತಾರೆ, ಆ ಗುರುತಿಲ್ಲದ ದಾನಿಯದು ಸಿಕ್ಕರೆ ಉತ್ತಮ. ಮುಂದಿನ ಬಸಿರಿನಲ್ಲಿ ತಾಯಿಗೆ ವಾರವಾರವೂ ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್ ಹಾಕುತ್ತಾರೆ. ದುಬಾರಿ, ತಲೆನೋವೂ ತರುತ್ತದೆ, ಆದರೆ ಮಗುವನ್ನು ಕಾಯುತ್ತದೆ.

ಗ್ರಹಣ ನೋಡಿದಳು, ಪಪಾಯ ತಿಂದಳು ಎಂದು ಬಾಣಂತಿಯ ಮೇಲೆ ತಪ್ಪು ಹೊರಿಸುವ ಹಿರಿಯರು ಈ ಸಭೆಯಲ್ಲಿದ್ದರೆ ದಯವಿಟ್ಟು ಗಮನಿಸಿ: ಇದರಲ್ಲಿ ಅವಳು ಮಾಡಿದ್ದು ಏನೂ ಇಲ್ಲ. ಮೊದಲ ಮಗುವಿಗೆ ಹುಟ್ಟಿದಾಗ ಪ್ಲೇಟ್‌ಲೆಟ್ ಕಡಿಮೆಯಿತ್ತೆಂದಾದರೆ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಎಸೆಯಬೇಡಿ. ಎರಡನೆಯ ಬಸಿರಿನ ಮೊದಲ ತಪಾಸಣೆಗೇ ಅದನ್ನು ವೈದ್ಯರಿಗೆ ತೋರಿಸಿ.